ಬೀಗರೂಟಕ್ಕೆ ಬಾಡಿಗೆ ಹೊಗಳಿಕೆ

ನಡೆದದ್ದು ಇಷ್ಟೇ. ನನ್ನ ಮಗ ದುಡ್ಡು ಕೊಟ್ಟು ತನ್ನ ಹೆಂಡತಿಯ ಅಡುಗೆಯನ್ನು ಹೊಗಳಿಸಿದ. ಹೊಗಳಿದವರು ಯಾರೂ ಆ ಅಡುಗೆ ತಿಂದಿರಲಿಲ್ಲ. ಅದು ಫೋನಿಗೂ ಗೊತ್ತಾಯಿತು, ನಮ್ಮನ್ನು ತಳಕ್ಕೆ ತಳ್ಳಿತು. ಇದನ್ನೇ ಮೊಮ್ಮಗಳು ಅರ್ಧ ದಿನ ಹೇಳುತ್ತಾಳೆ, ಮಗ ಪೂರ್ತಿ ದಿನ ಹೇಳುತ್ತಾನೆ, ಇಬ್ಬರೂ ಬೇರೆ ಬೇರೆ ಹೇಳುತ್ತಾರೆ. ನಾನು ಓದಿದ್ದು ಮೂರನೇ ಕ್ಲಾಸು. ನನಗೆ ಇಷ್ಟೇ ಸಾಕು.

ಆದರೂ ಬರೆಯುತ್ತಿದ್ದೇನೆ. ಯಾಕೆಂದರೆ ಆ ಚಳಿಗಾಲದಲ್ಲಿ ನಕ್ಕಷ್ಟು ನಮ್ಮ ಮನೆಯವರು ಯಾವತ್ತೂ ನಕ್ಕಿಲ್ಲ.

ನಮ್ಮೂರು ಮದ್ದೂರು ತಾಲ್ಲೂಕು, ಕೊಪ್ಪದ ಪಕ್ಕ. ಸೊಸೆ ಬೀಗರೂಟದ ಅಡುಗೆ ಮಾಡುತ್ತಾಳೆ. ನಮ್ಮ ಕಡೆ ಮದುವೆ ಪಾಯಸಕ್ಕೆ ಮುಗಿಯುವುದಿಲ್ಲ. ಧಾರೆಯಾದ ಮೇಲೆ ಒಂದು ದಿನ ಮರಿ ಕಡಿದು ಬೀಗರಿಗೆ ಬಾಡೂಟ ಹಾಕಲೇಬೇಕು. ಧಾರೆಗೆ ಬಾರದವನೂ ಬೀಗರೂಟಕ್ಕೆ ಬರುತ್ತಾನೆ. ಗಂಡು ಯಾರು, ಹೆಣ್ಣು ಯಾರು ಎಂದು ಗೊತ್ತಿಲ್ಲದವನೂ ಬಂದು ಬೋಟಿ ಗೊಜ್ಜು ಎರಡು ಸಲ ಹಾಕಿಸಿಕೊಂಡು ಹೋಗುತ್ತಾನೆ. ಈ ಅಡುಗೆಗೆ ಸಾಮಾನ್ಯವಾಗಿ ಗಂಡಸರೇ ಬರುವುದು. ನನ್ನ ಸೊಸೆ ನಮ್ಮ ಬೀದಿಯ ನಾಲ್ಕು ಹೆಂಗಸರನ್ನು ಕಟ್ಟಿಕೊಂಡು ಅದಕ್ಕೆ ಇಳಿದಳು. ಊರು ನಕ್ಕಿತು. ಉಂಡ ಮೇಲೆ ನಗು ನಿಂತಿತು.

ಅದರಲ್ಲಿ ನನ್ನ ಕೆಲಸ ಹಿಟ್ಟು ತೊಳಸುವುದು. ಪೇಟೆಯವರು ಮುದ್ದೆ ಅನ್ನುತ್ತಾರೆ, ನಾವು ಹಿಟ್ಟು ಅನ್ನುತ್ತೇವೆ. ಈ ವಯಸ್ಸಿನಲ್ಲೂ ದೊಣ್ಣೆ ಹಿಡಿದು ಎಸರಿನ ಮುಂದೆ ನಿಂತರೆ ನನಗೆ ಇನ್ನೊಬ್ಬರು ಬೇಡ. ಹಿಟ್ಟಿನ ಕೆಲಸ ಮುಗಿದ ಮೇಲೆ ನಾನು ಕೈ ತೊಳೆಯುವ ಡ್ರಮ್ಮಿನ ಪಕ್ಕ ಎಲೆ ಅಡಿಕೆ ತಟ್ಟೆ ಇಟ್ಟುಕೊಂಡು ಕೂರುತ್ತೇನೆ. ಅದು ನಾನೇ ಮಾಡಿಕೊಂಡ ಪದ್ಧತಿ. ಪಂಕ್ತಿಯಲ್ಲಿ ಕೂತಾಗ ಎಲ್ಲರೂ ಚೆನ್ನಾಗಿದೆ ಅನ್ನುತ್ತಾರೆ, ಯಜಮಾನ ಎದುರಿಗೇ ನಿಂತಿರುತ್ತಾನಲ್ಲ. ಕೈ ತೊಳೆಯುವಾಗ ಒಬ್ಬರಿಗೊಬ್ಬರು ಹೇಳಿಕೊಳ್ಳುವುದೇ ನಿಜ. ಉಪ್ಪು ಮುಂದಾಯಿತು, ಬಾಡು ಬೆಂದಿಲ್ಲ, ಖಾರ ಸಾಲದು. ಕೇಳಿಕೊಂಡು ಬಂದು ಸೊಸೆಗೆ ಹೇಳುತ್ತಿದ್ದೆ. ಅವಳು ಮುಂದಿನ ಊಟಕ್ಕೆ ಸರಿ ಮಾಡುತ್ತಿದ್ದಳು. ಹಾಗೆಯೇ ಅವಳ ಕೈ ಪಳಗಿತು.

ಮೊದಲೆಲ್ಲ ಉಂಡವರೇ ಇನ್ನೊಬ್ಬರಿಗೆ ಹೇಳಿ ಕೆಲಸ ಬರುತ್ತಿತ್ತು. ಈಗ ಮದುವೆ ಮನೆಯ ಹುಡುಗರು ಫೋನಿನಲ್ಲಿ ಹುಡುಕಿ ಗೊತ್ತು ಮಾಡುತ್ತಾರೆ. ಹಿಂದಿನ ವರ್ಷ ನಮ್ಮ ಕೊಪ್ಪರಿಗೆಗಳು ಅರ್ಧಕ್ಕರ್ಧ ದಿನ ಬೋರಲು ಬಿದ್ದಿದ್ದವು. ಸೊಸೆ ಒಂದು ದಿನ ಅವನ್ನು ಬೆಳಗುತ್ತಾ ತಲೆ ಎತ್ತದೆ ಹೇಳಿದಳು.

“ಅತ್ತೆ, ಸಂಕ್ರಾಂತಿ ಒತ್ಗೆ ಫೋನ್ ಬರ್ನಿಲ್ಲ ಅಂದ್ರೆ ನಾನು ಗಾರ್ಮೆಂಟ್ಸಿಗೆ ಓಯ್ತೀನಿ. ಈ ಪಾತ್ರೆಯ ಯಾರಿಗಾದ್ರೂ ಕೊಟ್ಬುಡಿ.”

ಗಾರ್ಮೆಂಟ್ಸು ಕೆಟ್ಟ ಕೆಲಸವಲ್ಲ. ಅದರ ವ್ಯಾನು ದಿನಾ ಬೆಳಿಗ್ಗೆ ನಮ್ಮ ಮನೆ ಮುಂದೆ ಹಾರನ್ ಹೊಡೆದು ನಮ್ಮ ಬೀದಿಯ ಹೆಣ್ಣುಮಕ್ಕಳನ್ನು ಹತ್ತಿಸಿಕೊಳ್ಳುತ್ತದೆ. ಆದರೆ ಉರಿಯುವ ಒಲೆಯ ಮುಂದೆ ಸೌಟು ಹಿಡಿದು ಗಂಡಸರನ್ನು ಗದರಿಸುವ ಹೆಂಗಸು, ದಿನವೆಲ್ಲ ಅದೇ ಅಂಗಿಗೆ ಅದೇ ತೋಳು ಹೊಲಿಯುತ್ತಾ ಕೂರುವುದೆಂದರೆ ನನಗೆ ಸರಿ ಕಾಣಲಿಲ್ಲ. ಅವಳಿಗೂ ಸರಿ ಕಂಡಿರಲಿಲ್ಲ. ಅವತ್ತು ಆ ಕೊಪ್ಪರಿಗೆಯನ್ನು ಬೇಕಾದ್ದಕ್ಕಿಂತ ಜಾಸ್ತಿ ಉಜ್ಜಿದಳು.

ದೀಪಾವಳಿ ಕಳೆದು ಒಂದು ಸಂಜೆ ಮಗ ಜಗಲಿಯ ಮೇಲೆ ಫೋನು ಹಿಡಿದು ಕೂತಿದ್ದ. ಅವನು ಲಗೇಜ್ ಆಟೊ ಓಡಿಸುತ್ತಾನೆ. ಹೆಂಡತಿಯ ಪಾತ್ರೆ ಸಾಗಿಸುವುದೂ ಅವನೇ.

“ನೋಡವ್ವ, ಮಂಡ್ಯ ಬೀಗರೂಟ ಅಂತ ಒತ್ತುದ್ರೆ ಮೊದ್ಲು ಮಳವಳ್ಳಿಯೋನು ಬತ್ತಾನೆ. ಆಮೇಕೆ ಇನ್ಯಾರೋ, ಆಮೇಕೆ ಇನ್ಯಾರೋ. ನಮ್ಮುನ್ನ ಉಡುಕೋ ಒತ್ಗೆ ಬೆಳ್ಳು ನೋಯ್ತದೆ.”

“ಮಳವಳ್ಳಿಯೋನು ಚೆಂದಾಗಿ ಮಾಡ್ತಾನೆ ಕಣ್ಲಾ. ಅವನ ಕೈಮಾ ಉಂಡೆ ನಾನು ತಿಂದಿವ್ನಿ.”

“ನೀನು ಯಾರ ಕಡೆ?”

“ಕೈಮಾ ಕಡೆ.”

ಮೊಮ್ಮಗಳು ಒಳಗಿನಿಂದ ನಕ್ಕಳು. ಅವಳು ಮಂಡ್ಯದ ಕಾಲೇಜಿಗೆ ಬಸ್ಸಿನಲ್ಲಿ ಹೋಗಿ ಬರುತ್ತಾಳೆ. ಅಮ್ಮನ ಅಡುಗೆಗೆ ವೆಬ್‌ಸೈಟು ಮಾಡಿದವಳು ಅವಳೇ. ನಾನು ಅವಳನ್ನು ಕರೆದು ಕೇಳಿದೆ, ಯಾರು ಮೊದಲು ಯಾರು ಕೊನೆ ಅನ್ನುವುದನ್ನು ಫೋನು ಹೇಗೆ ಲೆಕ್ಕ ಹಾಕುತ್ತದೆ, ಅದಕ್ಕೇನು ನಾಲಿಗೆ ಇದೆಯೇ ಎಂದು.

“ನಾಲಿಗೆ ಇಲ್ಲ ಅಜ್ಜಿ, ಅದುಕ್ಕೇ ಬೇರೆಯವರನ್ನ ಕೇಳ್ತದೆ. ಬೇರೆ ಬೇರೆ ವೆಬ್‌ಸೈಟುಗಳು ಯಾರ ಕಡೆ ಕೈ ತೋರಿಸ್ತವೆ ಅಂತ ನೋಡ್ತದೆ. ಆ ಕೈ ತೋರ್ಸೋದಕ್ಕೇ ಲಿಂಕು ಅನ್ನೋದು. ಒಳ್ಳೊಳ್ಳೆ ಜನ ನಮ್ ಕಡೆ ಕೈ ತೋರ್ಸುದ್ರೆ ನಾವು ಮೇಲಕ್ಕೆ.”

ಇದು ನನಗೆ ತಟ್ಟನೆ ಅರ್ಥವಾಯಿತು. ಹೆಣ್ಣು ಕೊಡುವವರು ಮಾಡುತ್ತಿದ್ದುದೂ ಇದೇ. ಗಂಡಿನ ಮನೆಗೆ ನೇರ ಹೋಗುತ್ತಿರಲಿಲ್ಲ. ಊರ ಬಾಗಿಲಲ್ಲಿ ಬಸ್ಸಿಳಿದು ಟೀ ಅಂಗಡಿಯಲ್ಲಿ, ಕ್ಷೌರದವನ ಹತ್ತಿರ, ಹಿಟ್ಟಿನ ಗಿರಣಿಯಲ್ಲಿ “ಆ ಮನೆಯವ್ರು ಎಂಗೆ?” ಎಂದು ಕೇಳಿಕೊಂಡು ಆಮೇಲೆ ಹೋಗುತ್ತಿದ್ದರು.

“ಇನ್ನೇನವ್ವ ಮತ್ತೆ,” ಅಂದ ಮಗ. “ಮಂಡ್ಯದಲ್ಲಿ ಒಬ್ಬನವ್ನೆ. ದುಡ್ಡು ಕೊಟ್ರೆ ಅತ್ತಾರು ಕಡೆ ಲಿಂಕು ಆಕುಸ್ತಾನಂತೆ.”

ಮೊಮ್ಮಗಳು ಎದ್ದು ನಿಂತಳು. “ಬ್ಯಾಡ ಅಪ್ಪ. ಅದು ಮೋಸ. ಗೊತ್ತಾದ್ರೆ ಉಡುಕೋ ಕಂಪನಿಯೋರು ತಳಕ್ಕೆ ಹಾಕ್ತಾರೆ.”

“ಬಸ್ಸಿನ ಹಿಂದೆ ಬೋರ್ಡ್ ಆಕುಸ್ತಾರೆ, ಗೋಡೆ ಮ್ಯಾಲೆ ಬರುಸ್ತಾರೆ. ಅದು ಮೋಸ್ವಾ?”

“ಬೋರ್ಡು ನೋಡ್ದೋನಿಗೆ ಅದು ದುಡ್ಡು ಕೊಟ್ಟು ಹಾಕ್ಸಿದ್ದು ಅಂತ ಗೊತ್ತಿರ್ತದೆ. ಇದು ಹಂಗಲ್ಲ. ಪಕ್ಕದ್ಮನೆಯವ್ನು ತಾನಾಗೇ ಹೇಳ್ದಂಗೆ ಕಾಣ್ತದೆ.”

“ಎಲ್ರೂ ಕೊಡೋವಾಗ ನಾನೊಬ್ನು ಕೊಡ್ನಿಲ್ಲ ಅಂದ್ರೆ ನಿಮ್ಮಮ್ಮ ವ್ಯಾನ್ ಅತ್ತಬೇಕಾಯ್ತದೆ. ಅದು ಬೇಕಾ ನಿಂಗೆ?”

ಇಬ್ಬರೂ ನನ್ನ ಕಡೆ ನೋಡಿದರು. ನಾನು ನನ್ನ ಮದುವೆಯ ಕಥೆ ಹೇಳಿದೆ. ನಮ್ಮಪ್ಪ ಈ ಊರಿಗೆ ಬಂದು ಗಿರಣಿಯವನನ್ನು ವಿಚಾರಿಸಿದ. ಗಿರಣಿಯವನು ಗಂಡು ಚಿನ್ನ ಅಂದ. ಮದುವೆಯಾಗಿ ಬಂದ ಮೇಲೆ ಗೊತ್ತಾಯಿತು, ನಮ್ಮತ್ತೆ ಹಿಂದಿನ ದಿನವೇ ಗಿರಣಿಯವನ ಮನೆಗೆ ಒಂದು ಕುಕ್ಕೆ ಅವರೆಕಾಯಿ ಕಳಿಸಿದ್ದಳು.

“ಅಂಗಾರೆ ತಾತ ಕೆಟ್ಟೋರಾ?” ಎಂದು ಮೊಮ್ಮಗಳು ಕೇಳಿದಳು.

“ಇಲ್ಲ ಕಣವ್ವ. ಚಿನ್ನ ಅಲ್ಲ, ಇತ್ತಾಳೆ. ಇತ್ತಾಳೆ ಬಾಳಿಕೆ ಬತ್ತದೆ. ಗಿರಣಿಯೋನು ಯೋಳಿದ್ದು ಪೂರ್ತಿ ಸುಳ್ಳಲ್ಲ. ಆದ್ರೆ ಅವನು ನಮ್ಮಪ್ಪನಿಗೆ ಯೋಳ್ನಿಲ್ಲ, ಅವರೆಕಾಯಿಗೆ ಯೋಳ್ದ. ಅವರೆಕಾಯಿ ತಿಂದಿವ್ನಿ ಅಂತ ಮೊದ್ಲು ಯೋಳಿ ಆಮೇಲೆ ಒಗಳಿದ್ರೆ, ನಮ್ಮಪ್ಪ ತೂಕ ಆಕ್ಕತಿದ್ದ.”

“ನೋಡು, ಅಜ್ಜಿನೂ ನನ್ ಕಡೆ,” ಅಂದಳು ಮೊಮ್ಮಗಳು.

“ಪೂರ್ತಿ ಸುಳ್ಳಲ್ಲ ಅಂದ್ಲಲ್ಲ, ನನ್ ಕಡೆ,” ಅಂದ ಮಗ.

ಅಲ್ಲಿಗೆ ಮಾತು ನಿಂತಿತು ಅಂದುಕೊಂಡೆ. ನಿಂತಿರಲಿಲ್ಲ. ಮಗ ಯಾರಿಗೂ ಹೇಳದೆ ಮಂಡ್ಯಕ್ಕೆ ಹೋಗಿ ಕೊಡುವುದನ್ನು ಕೊಟ್ಟು ಬಂದ. ಧನುರ್ಮಾಸ ಬರುವಷ್ಟರಲ್ಲಿ ನಮ್ಮ ಹೆಸರು ಮೊದಲ ಸಾಲಿಗೆ ಹತ್ತಿತ್ತು. ಮಳವಳ್ಳಿಯವನು ಕೆಳಗೆ, ನಾವು ಮೇಲೆ. ಮಗ ಮದ್ದೂರಿಂದ ಮೈಸೂರುಪಾಕು ತಂದು ಬೀದಿಗೆಲ್ಲ ಹಂಚಿದ. ಸೊಸೆ ಸೆರಗಿನಲ್ಲಿ ಫೋನು ಸುತ್ತಿಟ್ಟುಕೊಂಡು ಓಡಾಡಿದಳು.

ಫೋನು ಬಂದವು. ಆದರೆ ಬಂದ ಫೋನುಗಳ ಮಾತು ಒಂದು ಥರಾ ಇತ್ತು.

“ಈರುಳ್ಳಿ ಬೆಳ್ಳುಳ್ಳಿ ಹಾಕಲ್ಲ ತಾನೆ?” ಎಂದಳು ಒಬ್ಬಳು.

“ಈರುಳ್ಳಿ ಇಲ್ದೆ ಬೋಟಿ ಎಂಗಮ್ಮ ಮಾಡದು?” ಎಂದಳು ನನ್ನ ಸೊಸೆ.

ಫೋನು ಕಟ್ಟಾಯಿತು. ಇನ್ನೊಬ್ಬರು ಮಡಿಯಲ್ಲಿ ಮಾಡುತ್ತೀರಾ ಎಂದು ಕೇಳಿದರು. ಸೊಸೆ, ಮಾಡಿ ಕೊಡುತ್ತೇವೆ ಎಂದು ಹೇಳಿ, ಮರಿ ನೀವೇ ತರುತ್ತೀರೋ ನಾವು ತರಬೇಕೋ ಎಂದು ಕೇಳಿದಳು. ಅದೂ ಕಟ್ಟಾಯಿತು. ಏನಾಗುತ್ತಿದೆ ಎಂದು ನಮಗೆ ಯಾರಿಗೂ ತಿಳಿಯಲಿಲ್ಲ. ಮಗ ಮಾತ್ರ ಮೈಸೂರುಪಾಕು ತಿನ್ನುತ್ತಲೇ ಇದ್ದ.

ಒಂದು ಭಾನುವಾರ ಬೀದಿಯವರು ಕೂಡಿ ಒಂದು ಮರಿ ಕಡಿದು ಗುಡ್ಡೆ ಬಾಡು, ಅಂದರೆ ಸಮಪಾಲು, ಹಾಕಿ ಹಂಚಿಕೊಂಡಿದ್ದರು. ತಲೆಕಾಲು ನಮ್ಮ ಪಾಲಿಗೆ ಬಂದಿತ್ತು. ನಾನು ಅಂಗಳದಲ್ಲಿ ಸೌದೆ ಉರಿ ಮಾಡಿ, ತಲೆಯನ್ನು ಕಂಬಿಗೆ ಸಿಕ್ಕಿಸಿ ಕೂದಲು ಸುಡುತ್ತಾ ಕೂತಿದ್ದೆ. ಗೇಟಿನ ಹತ್ತಿರ ಸ್ಕೂಟರು ನಿಂತಿತು. ಬಿಳಿ ಪಂಚೆ, ಸ್ವೆಟರು, ಹಣೆಯಲ್ಲಿ ಗಂಧ. ಮಂಡ್ಯದಲ್ಲಿ ಕೆಲಸ ಮಾಡಿ ರಿಟೈರಾದ ಮೇಷ್ಟ್ರು ಎಂದು ಆಮೇಲೆ ಗೊತ್ತಾಯಿತು. ಅವರು ನನ್ನನ್ನು ನೋಡಿದರು, ತಲೆಯನ್ನು ನೋಡಿದರು. ತಲೆ ಅವರನ್ನು ನೋಡುತ್ತಿತ್ತು.

“ಸಾತ್ವಿಕ ಭೋಜನದ ಅಡುಗೆಯವರ ಮನೆ… ಇದೇನಾ ತಾಯಿ?”

“ನೋಡುದ್ರೆ ಎಂಗ್ ಕಾಣ್ತದೆ ಸ್ವಾಮಿ?” ಅಂದೆ.

ಅವರು ಸ್ಕೂಟರಿನ ಮೇಲೆ ಕೈ ಊರಿಕೊಂಡು ನಗುವುದಕ್ಕೆ ಶುರು ಮಾಡಿದರು. ಎಷ್ಟು ನಕ್ಕರೆಂದರೆ ಕನ್ನಡಕ ತೆಗೆದು ಒರೆಸಿಕೊಳ್ಳಬೇಕಾಯಿತು. ಮೊಮ್ಮಗನ ಉಪನಯನಕ್ಕೆ ಅಡುಗೆಯವರನ್ನು ಹುಡುಕುತ್ತಿದ್ದರಂತೆ. ಎಲ್ಲ ಕಡೆ ನಮ್ಮ ಹೆಸರೇ ಬಂತಂತೆ.

“ಮಂಡ್ಯದಲ್ಲೇ ಹುಟ್ಟಿ ಬೆಳೆದವನು ನಾನು. ಬಾಡಿಲ್ಲದ ಬೀಗರೂಟ ಕೇಳಿರಲಿಲ್ಲ. ಕಾಲ ಬದಲಾಯಿತೇನೋ, ಕಣ್ಣಾರೆ ನೋಡೋಣ ಅಂತ ಬಂದೆ,” ಅಂದರು. ಬರುವಾಗ ಶಿವಪುರದ ಸತ್ಯಾಗ್ರಹ ಸೌಧದ ಹತ್ತಿರ ನಿಂತು ದಾರಿ ಕೇಳಿದರಂತೆ. ಅಲ್ಲಿ ಯಾರೋ ನಮ್ಮ ಮನೆಗೆ ದಾರಿ ಹೇಳಿ, ನೀವೂ ಬಾಡು ಶುರು ಮಾಡಿದಿರಾ ಸ್ವಾಮಿ, ಸಂತೋಷ ಎಂದರಂತೆ.

ಮೊಮ್ಮಗಳು ಅವರ ಫೋನು ಇಸಿದುಕೊಂಡು ಓದಿದಳು. ಒಂದು ಕಾರಿನ ಟೈರು ಮಾರುವವರ ವೆಬ್‌ಸೈಟು, ಒಂದು ಕೂದಲು ಉದುರದ ಎಣ್ಣೆಯದು, ಒಂದು ಎಲ್ಲಿಯದೋ ಲಾಡ್ಜಿನದು. ಎಲ್ಲದರಲ್ಲೂ ನಮ್ಮ ಹೆಸರು, ನಮ್ಮ ಲಿಂಕು. ಬರೆದವನಿಗೆ ಬೀಗರು ಅಂದರೆ ನೆಂಟರು ಎಂದು ಮಾತ್ರ ಗೊತ್ತಿತ್ತು. ನೆಂಟರು ಒಬ್ಬರಿಗೊಬ್ಬರು ಹಣ್ಣು ಹಾಲು ಕೊಟ್ಟುಕೊಳ್ಳುವ ಪವಿತ್ರ ಸಸ್ಯಾಹಾರದ ಊಟ, ಅದರಲ್ಲಿ ನಾವು ಪ್ರವೀಣರು ಎಂದು ಬರೆದಿದ್ದ. ಎಲ್ಲ ಇಂಗ್ಲಿಷಿನಲ್ಲಿ. ಮಗ ಓದಿರಲಿಲ್ಲ, ಎಷ್ಟು ಕಡೆ ಇದೆ ಎಂದು ಎಣಿಸಿದ್ದ ಅಷ್ಟೇ.

“ಟೈರಿನೋನು ನಮ್ಮ ಬಾಡಿನ ರುಚಿ ಯಾವಾಗ ನೋಡ್ದ?” ಎಂದಳು ಸೊಸೆ.

“ಬಾಡಲ್ಲ ಕಣಮ್ಮ, ಅಣ್ಣು ಆಲು,” ಅಂದೆ.

ಸೊಸೆ ಕೂತು ನಕ್ಕಳು. ಬೀದಿಯ ಹೆಂಗಸರು ಬಂದು ಕೇಳಿ ನಕ್ಕರು. ಮಗ ಬಂದ, ಏನು ಎಂದ, ಯಾರಿಗೂ ಹೇಳುವುದಕ್ಕೆ ಉಸಿರಿರಲಿಲ್ಲ. ಮೇಷ್ಟ್ರೇ ಹೇಳಿದರು. ಅವನ ಮುಖ ನಾನು ಕಂಬಿಯಲ್ಲಿ ಹಿಡಿದಿದ್ದ ತಲೆಯ ಹಾಗೇ ಆಯಿತು.

ನಾನು ಮೇಷ್ಟ್ರಿಗೆ ನೇರವಾಗಿ ಹೇಳಿದೆ. “ನಿಮ್ ಕೆಲ್ಸ ನಮ್ಮಿಂದ ಆಗಕಿಲ್ಲ ಸ್ವಾಮಿ. ನಮ್ ಪಾತ್ರೆ ನಿಮಗಾಗಕಿಲ್ಲ, ನಿಮ್ ಸಾರು ನಮಗೆ ಬರಾಕಿಲ್ಲ.” ಮಂಡ್ಯದಲ್ಲಿ ಅಂಥ ಅಡುಗೆ ಮಾಡುವವರೊಬ್ಬರು ನನಗೆ ಗೊತ್ತಿದ್ದರು; ಮದುವೆ ಮನೆಗಳಲ್ಲಿ ಧಾರೆಯ ದಿನ ಅವರು, ಮಾರನೆಯ ದಿನ ನಾವು. ಅವರ ಮನೆಗೆ ದಾರಿ ಹೇಳಿದೆ. ಹೊತ್ತು ಮಧ್ಯಾಹ್ನವಾಗಿತ್ತು. ಒಳಗೆ ಹುರುಳಿಕಾಳು ಬಸ್ಸಾರು, ಹಿಟ್ಟು ಇತ್ತು. ಆ ಪಾತ್ರೆ ಬೇರೆ, ಬಾಡಿನ ಪಾತ್ರೆ ಬೇರೆ ಎಂದೂ ಹೇಳಿದೆ.

“ಹಾಕಿ ತಾಯಿ, ಹೊಟ್ಟೆ ಹಸಿದಿದೆ,” ಅಂದರು. ಸೀಬೆ ಮರದ ಕೆಳಗೆ ಬಾಳೆ ಎಲೆ ಹಾಕಿ ಬಡಿಸಿದೆವು. ನಿಮ್ಮಲ್ಲಿ ಉಂಡದ್ದು ಯಾರಿಗೂ ಹೇಳಬೇಡಿ ಎಂದು ಅವರು ಅನ್ನಲಿಲ್ಲ. ಅದು ನನಗೆ ಮೆಚ್ಚಿಗೆಯಾಯಿತು. ಹಿಟ್ಟನ್ನು ಅಗಿದು ತಿಂದರು. ಅದು ಮೆಚ್ಚಿಗೆಯಾಗಲಿಲ್ಲ. ಹಿಟ್ಟು ನುಂಗುವ ಪದಾರ್ಥ. ದುಡ್ಡು ಕೊಡಲು ಬಂದರು, ನಾನು ತೆಗೆದುಕೊಳ್ಳಲಿಲ್ಲ.

ಅದಾಗಿ ಒಂದು ವಾರಕ್ಕೆ ನಮ್ಮ ಹೆಸರು ಬಿತ್ತು. ಮೊದಲಿದ್ದ ಕೆಳಗಿನ ಜಾಗವೂ ಇಲ್ಲ. ನಮ್ಮದೇ ಹೆಸರು ಒತ್ತಿದರೂ ನಾವು ಬರಲಿಲ್ಲ. ಮೊಮ್ಮಗಳು ಹೇಳಿದ್ದೇ ಆಗಿತ್ತು. ಮಗ ಮಂಡ್ಯದವನಿಗೆ ಫೋನು ಮಾಡಿದ, ಅವನು ಎತ್ತಲಿಲ್ಲ. ಮೊಮ್ಮಗಳು ಟೈರಿನವನಿಗೆ, ಎಣ್ಣೆಯವನಿಗೆ, ಲಾಡ್ಜಿನವನಿಗೆ ನಮ್ಮ ಹೆಸರು ತೆಗೆಯಿರಿ ಎಂದು ಬರೆಯುತ್ತಾ ಕೂತಳು. ತೆಗೆಯುವುದಕ್ಕೂ ದುಡ್ಡು ಕೇಳಿದವನು ಒಬ್ಬನಿದ್ದ. ಅವನಿಗೆ ನಾನು ಕನ್ನಡದಲ್ಲಿ ಏನು ಹೇಳಿದೆನೋ ಅದನ್ನು ಅವಳು ಇಂಗ್ಲಿಷಿಗೆ ಹಾಕಲಿಲ್ಲ.

ಸೊಸೆ ಗಾರ್ಮೆಂಟ್ಸಿನಲ್ಲಿ ಹೆಸರು ಕೊಟ್ಟು ಬಂದಳು. ಹಬ್ಬ ಕಳೆದ ಮೇಲೆ ಬಾ ಅಂದರಂತೆ. ಸಂಕ್ರಾಂತಿಗೆ ಎಳ್ಳು ಬೀರಿ ಬಂದವಳು ಸೀರೆ ಮಡಿಸಿಟ್ಟು, ಕೊಪ್ಪರಿಗೆಗಳ ಮೇಲೆ ಗೋಣಿಚೀಲ ಮುಚ್ಚಿದಳು. ಮಗ ಆ ಕಡೆ ನೋಡದೆ ಆಟೊ ಒರೆಸುತ್ತಿದ್ದ.

ಸೊಸೆ ವ್ಯಾನು ಹತ್ತಬೇಕಾಗಿದ್ದುದರ ಹಿಂದಿನ ದಿನ ಮೊಮ್ಮಗಳು ಬಸ್ಸಿಳಿದು ಓಡಿ ಬಂದಳು. ಮೇಷ್ಟ್ರು ಸುಮ್ಮನೆ ಮೇಷ್ಟ್ರಾಗಿರಲಿಲ್ಲ. ರಿಟೈರಾದ ಮೇಲೆ ನಮ್ಮ ಕಡೆಯ ಮೂರು ತಾಲ್ಲೂಕಿನ ಹಳ್ಳಿಗಳನ್ನು ಸುತ್ತಿ, ಕಂಡದ್ದನ್ನು ತಮ್ಮ ವೆಬ್‌ಸೈಟಿನಲ್ಲಿ ಬರೆಯುತ್ತಿದ್ದರಂತೆ. ಊರಲ್ಲಿರುವವರೂ ಊರು ಬಿಟ್ಟು ಹೋದವರೂ ಅದನ್ನು ಓದುತ್ತಾರಂತೆ. ನಮ್ಮ ಬಗ್ಗೆ ಬರೆದಿದ್ದರು. ಮೊಮ್ಮಗಳು ಜಗಲಿಯಲ್ಲಿ ನಿಂತು ಗಟ್ಟಿಯಾಗಿ ಓದಿದಳು.

ಹಣ್ಣು ಹಾಲಿನ ಊಟ ಎಂದು ಹತ್ತಾರು ಕಡೆ ಬರೆದದ್ದು ಸುಳ್ಳು, ಮರಿಯ ತಲೆ ಸುಡುತ್ತಿದ್ದ ಅಜ್ಜಿ ಹೇಳಿದ್ದು ನಿಜ ಎಂದು ಶುರುವಾಗಿತ್ತು. ಬಂದ ಕೆಲಸವನ್ನು ತಾವು ಇಟ್ಟುಕೊಳ್ಳದೆ ಸರಿಯಾದವರ ಮನೆಗೆ ದಾರಿ ತೋರಿಸಿದರು ಎಂದಿತ್ತು. ಕೊನೆಗೆ ಹೀಗೆ: “ನಾನು ಬಾಡು ತಿನ್ನುವವನಲ್ಲ, ಅದರ ರುಚಿ ನನ್ನನ್ನು ಕೇಳಬೇಡಿ. ಬಸ್ಸಾರು ಮುದ್ದೆ ಉಂಡೆ, ಅದಕ್ಕೆ ಅವರು ದುಡ್ಡು ತೆಗೆದುಕೊಳ್ಳಲಿಲ್ಲ. ಇದನ್ನು ತಿಳಿದುಕೊಂಡು ನನ್ನ ಮಾತು ತೂಗಿಕೊಳ್ಳಿ. ಬಸ್ಸಾರು ಬಲು ಸೊಗಸು. ಮುದ್ದೆ ಕೊಂಚ ಗಟ್ಟಿ.”

“ಅವರೆಕಾಯಿ ತಿಂದಿವ್ನಿ ಅಂತ ಯೋಳೇ ಒಗಳವ್ರೆ ಅಜ್ಜಿ!” ಎಂದು ಮೊಮ್ಮಗಳು ಕುಣಿದಳು.

“ಒಗಳಿಕೆ ಇರ್ಲಿ. ಗಟ್ಟಿ ಅಂತ ಯಾಕೆ ಬರ್ದ ಆ ಮೇಷ್ಟ್ರು? ಅಗಿದ್ರೆ ಗಟ್ಟಿನೇಯಾ.”

ಅಷ್ಟರಲ್ಲಿ ಸೊಸೆಯ ಫೋನು ಬಡಿದುಕೊಂಡಿತು. ಕೆರಗೋಡಿನ ಕಡೆಯವರು.

“ಗಟ್ಟಿ ಮುದ್ದೆ ಅಜ್ಜಿ ಮನೆಯಾ? ನಮ್ಮ ಮಗಳ ಬೀಗರೂಟ ಅದೆ ಕಣವ್ವ. ಬಾಡು ತಾನೆ ಮಾಡದು? ಅಣ್ಣು ಆಲಲ್ವಲ್ಲ?”

ಆಮೇಲೆ ಮಳವಳ್ಳಿ ಕಡೆಯಿಂದ ಒಂದು. ಮಂಡ್ಯದಿಂದ ಒಂದು. ಹುಡುಕುವ ಫೋನಿನಲ್ಲಿ ನಾವು ಇನ್ನೂ ಮೇಲೆ ಬಂದಿರಲಿಲ್ಲ. ಈಗಲೂ ಮಳವಳ್ಳಿಯವನೇ ಮೊದಲು, ನಾವು ಕೆಳಗೆ ಎಲ್ಲೋ ಇದ್ದೇವೆ. ಜನ ಮೇಷ್ಟ್ರ ಬರಹ ಹಿಡಿದುಕೊಂಡು ನೇರ ನಮ್ಮ ಬಾಗಿಲಿಗೆ ಬಂದರು. ಸೊಸೆ ಒಂದು ಕೈಯಲ್ಲಿ ಫೋನು ಹಿಡಿದು ಇನ್ನೊಂದು ಕೈಯಲ್ಲಿ ಗೋಣಿಚೀಲ ಎಳೆದು ಹಾಕಿದಳು. ಮಗ ಕೊಪ್ಪರಿಗೆ ಹೊತ್ತು ಆಟೊಗೆ ಇಟ್ಟ. ಯಾವ ಊಟಕ್ಕೆ, ಎಲ್ಲಿಗೆ ಎಂದು ಅವನಿಗೇ ಗೊತ್ತಿರಲಿಲ್ಲ. ಮತ್ತೆ ಇಳಿಸಿದ.

ನನಗೆ ಮಾತ್ರ ಆ ಗಟ್ಟಿ ಅನ್ನುವ ಮಾತು ಗಂಟಲಲ್ಲಿ ಸಿಕ್ಕಿಕೊಂಡಿತ್ತು.

“ಕೈ ತೊಳಿಯೋ ತಾವು ಇಷ್ಟು ವರ್ಸ ಕೂತಿವ್ನಿ. ಒಬ್ಬನಾದ್ರೂ ಇಟ್ಟು ಗಟ್ಟಿ ಅಂದಿಲ್ಲ,” ಅಂದೆ.

ಮೊಮ್ಮಗಳು ನಗು ತಡೆದುಕೊಂಡು, “ಇಟ್ಟು ತೊಳ್ಸೋಳು ನೀನು, ಎಲೆ ಅಡಿಕೆ ಕೊಡೋಳೂ ನೀನು. ನಿನ್ ಮುಂದೆ ಯಾರಜ್ಜಿ ಯೋಳ್ತಾರೆ? ಅದೂ ಅವರೆಕಾಯೇಯಾ,” ಅಂದಳು.

ನಾನು ಸೊಸೆಯ ಕಡೆ ತಿರುಗಿದೆ. “ಏನಮ್ಮ, ಗಟ್ಟಿಯಾ?”

“ಒಂಚೂರು ಗಟ್ಟಿನೇಯಾ ಅತ್ತೆ.”

“ಮತ್ತೆ ಯಾಕೆ ಯೋಳ್ನಿಲ್ಲ ಇಷ್ಟು ದಿನ?”

“ನೀವು ದೊಣ್ಣೆ ಇಡ್ಕಂಡಿರ್ತಿದ್ರಿ.”

ಮನೆಯೆಲ್ಲ ನಕ್ಕಿತು. ನಾನೂ ನಕ್ಕೆ, ಬೇರೆ ದಾರಿ ಇರಲಿಲ್ಲ.

ಮಾರನೆಯ ಬೆಳಿಗ್ಗೆ ಗಾರ್ಮೆಂಟ್ಸಿನ ವ್ಯಾನು ಮನೆ ಮುಂದೆ ನಿಂತು ಹಾರನ್ ಹೊಡೆಯಿತು. ಸೊಸೆ ಮಸಾಲೆ ಹುರಿಯುತ್ತಿದ್ದ ಸೌಟನ್ನೇ ಎತ್ತಿ ಹೋಗು ಎಂದು ಆಡಿಸಿದಳು. ನಾನು ಒಲೆ ಹಚ್ಚಿ ಎಸರಿಟ್ಟೆ. ಹಿಟ್ಟು ದಿನಾ ಹಾಕುವಷ್ಟೇ. ನೀರು ಅರ್ಧ ಚೊಂಬು ಜಾಸ್ತಿ.